ಮಗಳ ಕನ್ನಡಕ, ಅಮ್ಮನ ಸೈಕಲ್

ಅಕ್ಟೋಬರ್ ೧೩
ಭಾನುವಾರ, ಬೆಳಿಗ್ಗೆ ಹತ್ತು ಗಂಟೆ

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿರುವ ನನ್ನ ಮಗಳಿಗೆ,

ಆ ಸಿಟ್ಟನ್ನು ನಿನಗೆ ಕೊಟ್ಟವಳು ಬರೆಯುತ್ತಿದ್ದೇನೆ. ಚೆನ್ನಾಗಿದ್ದೀಯಾ? ಅಳಿಯಂದಿರು, ನನ್ನ ಮೊಮ್ಮಗಳು ಗುಬ್ಬಿ ಎಲ್ಲ ಆರಾಮವಾಗಿದ್ದಾರಾ? ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು, ಆದರೆ ನಿನಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಯಾರಿದ್ದಾರೆ? ಅಂಗಡಿಯಲ್ಲಿ ನಾನೇ ಮಾಡಿದ್ದ ಒಂದು ಹಳೆಯ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡು ಪರೀಕ್ಷಿಸಬೇಕಾಗಿ ಬಂತು. ಅದಾದ ಮೇಲೂ ಎಷ್ಟೋ ದಿನ ಪೆನ್ನು ಹಿಡಿಯಲು ಮನಸ್ಸು ಬರಲಿಲ್ಲ. ಅದೇನು ಎಂದು ಆಮೇಲೆ ಹೇಳುತ್ತೇನೆ.

ನಿಮ್ಮಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆಯಿಂದ ಬಾಲ್ಕನಿಯಲ್ಲಿ ಪೇಪರ್ ಹಿಡಿದು ಕೂತಿದ್ದಾರೆ, ಒಂದು ಪುಟವನ್ನೂ ತಿರುಗಿಸಿಲ್ಲ. ನಾನು ಮೇಜಿನ ಮುಂದೆ ಕೂತದ್ದನ್ನು ನೋಡಿ, “ಕಾಗದಾನಾ?” ಅಂದರು. “ಹೂಂ” ಅಂದೆ. “ನಾನು ಇದರಲ್ಲಿ ಇಲ್ಲಪ್ಪ” ಎಂದು ಕೈ ಎತ್ತಿಬಿಟ್ಟರು. ಈ ಕಾನೂನು ಮಾಡಿದವರೇ ಅವರು, ಈಗ ನೋಡು! ನೀನು ಹದಿನಾಲ್ಕರವಳಿದ್ದಾಗ ನಾವಿಬ್ಬರೂ ಕಿರುಚಾಡಿದ್ದಕ್ಕೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದಿದ್ದರಲ್ಲ, ಅವತ್ತು ಹುಟ್ಟಿದ ಕಾನೂನು. ಈ ಮನೆಯಲ್ಲಿ ಜಗಳ ಕಾಗದದಲ್ಲಿ ಮಾತ್ರ. ಕಾಗದದಲ್ಲಿ ಬರೆದದ್ದನ್ನು ಬಾಯಲ್ಲಿ ಎತ್ತಬಾರದು. ಆಗ ನೀನು ಬಾಗಿಲ ಸಂದಿನಲ್ಲಿ ಚೀಟಿ ತೂರಿಸುತ್ತಿದ್ದೆ. ಈಗ ಒಂದೇ ಊರಿನಲ್ಲಿ, ಬಸ್ಸಿನಲ್ಲಿ ನಲವತ್ತು ನಿಮಿಷದ ದಾರಿಗೆ, ನಾವು ಅಂಚೆ ಚೀಟಿ ಅಂಟಿಸುತ್ತೇವೆ. ಅಳಿಯಂದಿರು ನಗುತ್ತಾರಂತೆ. ನಗಲಿ ಬಿಡು. ಫೋನಿನಲ್ಲಾದರೆ ನೀನು ನನಗೆ ಒಂದು ವಾಕ್ಯ ಪೂರ್ತಿ ಮುಗಿಸಲು ಬಿಟ್ಟಿದ್ದೀಯಾ ಯಾವತ್ತಾದರೂ?

ಆದ್ದರಿಂದಲೇ ಹಿಂದಿನ ಸಲ ಭಾನುವಾರ ನಿನ್ನ ಮನೆಗೆ ಬಂದಾಗ, ನಿನ್ನ ಕಾಗದ ನನ್ನ ಚೀಲದಲ್ಲೇ ಇದ್ದರೂ ಇಬ್ಬರೂ ಚಹಾ ಕುಡಿದು ಪರದೆ ಬಟ್ಟೆಯ ಬಣ್ಣದ ಬಗ್ಗೆ ಮಾತಾಡಿದೆವು. ನಾನು ಬಸ್ಸಿನಲ್ಲಿ ಬಂದದ್ದನ್ನು ನೋಡಿ ನಿನ್ನ ಮುಖ ಅರಳಿತು. ಕಾಗದ ಕೆಲಸ ಮಾಡಿತು ಅಂದುಕೊಂಡೆಯೋ ಏನೋ. ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದು ನಿನ್ನ ಮೂಗಿನ ಮೇಲಿಂದಲೇ ಕಿತ್ತುಕೊಂಡು ಹೋದೆನಲ್ಲ, ಮಾರನೆಯ ದಿನ ಮಧ್ಯಾಹ್ನ ಅಂಗಡಿಗೆ ಬಂದ ಅಳಿಯಂದಿರ ಕೈಯಲ್ಲಿ ವಾಪಸ್ಸು ಕಳಿಸಿದ್ದು ತಲುಪಿತಷ್ಟೆ?

ನಿನ್ನ ಕಾಗದ ಈಗ ನನ್ನ ಎದುರಿಗೇ ಇದೆ. ಮೂರು ಪುಟ. ಕೋಪ ಬಂದರೆ ನಿನ್ನ ಅಕ್ಷರ ಬಲಕ್ಕೆ ವಾಲುತ್ತದೆ, ಇದರಲ್ಲಿ ಮೊದಲ ಸಾಲಿನಿಂದಲೇ ವಾಲಿದೆ. “ಅಮ್ಮ, ನಿನಗೆ ಐವತ್ತೆಂಟು. ಈ ರಸ್ತೆಗಳಲ್ಲಿ ಸೈಕಲ್ ತುಳಿಯೋ ವಯಸ್ಸಾ ಇದು? ಅದನ್ನ ಯಾರಿಗಾದರೂ ಕೊಟ್ಟುಬಿಡು. ಇವರು ದಿನಾ ಅದೇ ದಾರಿಯಲ್ಲಿ ಕಾರಲ್ಲಿ ಹೋಗ್ತಾರೆ, ನಿನ್ನ ಅಂಗಡಿ ಬಾಗಿಲಿಗೆ ಬಿಡ್ತಾರೆ. ಆ ಸೈಕಲ್ ಮನೇಲಿರೋವರೆಗೂ ನಾನು ಶನಿವಾರ ಗುಬ್ಬೀನ ಕಳಿಸಲ್ಲ.” ಇಷ್ಟಕ್ಕೆ ನಾನು ಬಗ್ಗುವವಳಲ್ಲ ಎಂದು ಗೊತ್ತಿದ್ದು ಕೊನೆಯ ಪುಟದಲ್ಲಿ ಆ ಕತೆ ಬರೆದಿದ್ದೀಯ. ನೀನು ಕಾಗದ ಬರೆದ ಹಿಂದಿನ ದಿನ, ಗುರುವಾರ, ಗುಬ್ಬಿಯನ್ನು ಶಾಲೆಗೆ ಬಿಡಲು ಹೋದಾಗ ಗೇಟಿನ ಹತ್ತಿರ ಯಾವಳೋ ಸೈಕಲ್ಲಿನವಳು ಎಲ್ಲಿಂದಲೋ ನಿನ್ನ ಕಾರಿಗೆ ಅಡ್ಡ ಬಂದಳು, ಕೂದಲೆಳೆಯಲ್ಲಿ ತಪ್ಪಿತು, ದಿನವಿಡೀ ಆಫೀಸಿನಲ್ಲಿ ನಿನಗೆ ಅದೇ ಯೋಚನೆಯಾಗಿತ್ತು. “ಅವಳ ಜಾಗದಲ್ಲಿ ನೀನಿದ್ದಿದ್ದರೆ, ಅಮ್ಮ?” ಎಂದು ಕೇಳಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ. ಆ ಪ್ರಶ್ನೆಗೂ ಉತ್ತರ ಬರೆಯುತ್ತೇನೆ. ಮೊದಲು ಉಳಿದದ್ದು ಮುಗಿಸೋಣ.

ಸೈಕಲ್ ಕೊಡುವುದಿಲ್ಲ. ಈಗಲೇ ಹೇಳಿಬಿಟ್ಟಿದ್ದೇನೆ, ಕೊನೆಯವರೆಗೂ ಆಸೆ ಇಟ್ಟುಕೊಂಡು ಓದಬೇಡ.

ಕಾರಿನಲ್ಲಿ ಹೋಗಿ ನೋಡದೆಯೇ ಹಟ ಮಾಡುತ್ತಿದ್ದಾಳೆ ಅನ್ನಬೇಡ ಮತ್ತೆ. ನಿನ್ನ ಮನೆಗೆ ಬಂದ ಮಾರನೆಯ ದಿನ, ಸೋಮವಾರ ಬೆಳಿಗ್ಗೆ, ಅಳಿಯಂದಿರು ಬಂದು ಕರೆದಾಗ ಮರುಮಾತಿಲ್ಲದೆ ಹತ್ತಿ ಕೂತೆ. ಸೈಕಲ್ಲಿನಲ್ಲಿ ಮೂವತ್ತೈದು ನಿಮಿಷದ ದಾರಿಗೆ ನಮಗೆ ಹಿಡಿದದ್ದು ಐವತ್ತು ನಿಮಿಷ. ಅವರು ನನಗೆ ಎಷ್ಟು ಮರ್ಯಾದೆ ಕೊಡುತ್ತಾರೋ ರಸ್ತೆಗೆ ಅಷ್ಟೇ ಬೈಯುತ್ತಾರೆ, ನಿನಗೆ ಗೊತ್ತಲ್ಲ. ಸೇತುವೆ ಹತ್ತುವಾಗ ಮುಂದೆ ಒಬ್ಬ ಸೈಕಲ್ಲಿನವನು, ಹಿಂದೆ ಡಬ್ಬ ಕಟ್ಟಿಕೊಂಡು, ಏದುಸಿರು ಬಿಡುತ್ತಾ ತುಳಿಯುತ್ತಿದ್ದ. ಅಳಿಯಂದಿರು ಹಾರ್ನಿನ ಮೇಲೆ ಕೈ ಒತ್ತಿ ಹಿಡಿದು, “ಇವರಪ್ಪನ ರಸ್ತೆನಾ ಇದು? ಈ ಸೈಕಲ್‌ನವರನ್ನೆಲ್ಲ ಒಂದು ದಿನ ಹಿಡಿದು...” ಎಂದು ಶುರು ಮಾಡಿದವರು, ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡರು.

“ಅತ್ತೆ, ನಿಮಗಲ್ಲ ಹೇಳಿದ್ದು. ನೀವು ಬೇರೆ.”

“ನಾನು ಹೇಗೆ ಬೇರೆ?” ಅಂದೆ.

“ನೀವು ನಮ್ಮ ಅತ್ತೆ ಅಲ್ವಾ!” ಅಂದರು ಪಾಪ, ಬಹಳ ಪ್ರೀತಿಯಿಂದಲೇ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ನಿನ್ನ ಹತ್ತಿರ ಮುಚ್ಚಿಟ್ಟುಕೊಂಡು ಏನು ಮಾಡಲಿ. ಐದು ನಿಮಿಷ ಆ ಸೈಕಲ್ಲಿನ ಹಿಂದೆ ಕೂತಿದ್ದೇ ತಡ, ನನಗೂ ಅವನ ಮೇಲೆ ಸಿಟ್ಟು ಬಂತು ಕಣೇ. ಇಪ್ಪತ್ತೆರಡು ವರ್ಷ ಸೈಕಲ್ ತುಳಿದ ನನಗೆ! ಸ್ವಲ್ಪ ಪಕ್ಕಕ್ಕೆ ಹೋಗಬಾರದಾ ಇವನು ಎಂದು ನನ್ನ ಬಲಗಾಲು ತಾನಾಗಿಯೇ ಕೆಳಗೆ ಒತ್ತಿತು, ಅಲ್ಲಿ ಒತ್ತಲು ಏನೂ ಇಲ್ಲದಿದ್ದರೂ. ಗಾಜು ಏರಿಸಿದ ಒಂದು ಡಬ್ಬಿಯೊಳಗೆ ತಣ್ಣಗೆ ಕೂತರೆ ಹೊರಗಿರುವವರು ಎಷ್ಟು ಬೇಗ ಬರೀ ಅಡ್ಡಿಯಾಗಿಬಿಡುತ್ತಾರೆ ಅಂತ. ಅವತ್ತು ಸಂಜೆ ಬಸ್ಸು ಹಿಡಿದು ಮನೆಗೆ ಬಂದವಳು ಮೊದಲು ಹೋಗಿ ಸೈಕಲ್ಲಿನ ಸೀಟು ಒರೆಸಿದೆ. ಮಾರನೆಯ ದಿನದಿಂದ ಮತ್ತೆ ಅದೇ ನನ್ನ ಗಾಡಿ.

ಈ ತಿಂಗಳು ಅಂಗಡಿಯಲ್ಲಿ ನಡೆದದ್ದನ್ನು ಕೇಳಿದರೆ ನಗುತ್ತೀಯ. ಬ್ರೆಡ್ ವ್ಯಾನಿನವನೊಬ್ಬ ಇದ್ದಾನೆ ಎಂದು ಹೇಳುತ್ತಿದ್ದೆನಲ್ಲ, ಸೇತುವೆಯ ಇಳಿಜಾರಿನಲ್ಲಿ ನನ್ನ ಮೊಣಕೈಗೆ ಕನ್ನಡಿ ತಾಗಿಸಿಕೊಂಡೇ ರೊಯ್ಯನೆ ಹೋಗುವವನು? ಆ ಮಹಾರಾಯ ನಮ್ಮ ಅಂಗಡಿಗೇ ಕನ್ನಡಕ ಮಾಡಿಸಲು ಬಂದ. ಅಂಗಡಿಯ ಯಜಮಾನರು ಅವನ ಕಣ್ಣು ಪರೀಕ್ಷೆ ಮಾಡಿ ಚೀಟಿ ಬರೆದರು, ಗಾಜು ತಿಕ್ಕಿ ಫ್ರೇಮಿಗೆ ಕೂರಿಸಿದ್ದು ನಾನು. ತೆಗೆದುಕೊಂಡು ಹೋಗಲು ಬಂದಾಗ ಹಿಂದಿನ ಕೋಣೆಯ ನನ್ನ ಸ್ಟೂಲಿನ ಮುಂದೆ ಕೂರಿಸಿದರು. ನಾನು ಅವನ ಕಿವಿಯ ಹಿಂದೆ ಕಡ್ಡಿ ಬಗ್ಗಿಸುತ್ತಾ ಕೇಳಿದೆ.

“ಇದು ಓದೋಕೆ ಮಾತ್ರ ಅಲ್ವಾ? ದೂರದ್ದು ಚೆನ್ನಾಗಿ ಕಾಣುತ್ತಾ?”

“ದೂರದ್ದಾ? ಹದ್ದಿನ ಕಣ್ಣು ಕಣಮ್ಮ ನಂದು. ಕೊನೇ ಸಾಲಿನ ಸಣ್ಣಕ್ಷರಾನೂ ಓದ್ಬಿಟ್ಟೆ. ಕೇಳಿ ನಿಮ್ಮ ಯಜಮಾನ್ರನ್ನ.”

“ಹಾಗಾದ್ರೆ ಮಂಗಳವಾರ ಬೆಳಿಗ್ಗೆ ಸೇತುವೆ ಇಳಿಯೋವಾಗ ನಾನ್ಯಾಕೆ ಕಾಣಲಿಲ್ಲ ನಿಮಗೆ?”

ಅವನು ನನ್ನ ಮುಖ ನೋಡಿದ. ಗೋಡೆಗೆ ನೇತುಹಾಕಿದ ನನ್ನ ಹೆಲ್ಮೆಟ್ ನೋಡಿದ. ಮುಖದಲ್ಲಿ ರಕ್ತವೇ ಇಲ್ಲ. “ಅಯ್ಯೋ, ಅದು ನೀವಾ? ನಾನು ಯಾವುದೋ ಸೈಕಲ್ ಅಂದ್ಕೊಂಡೆ” ಅಂದ!

ಯಾವುದೋ ಸೈಕಲ್ ಅಂತೆ. ಅದರ ಮೇಲೆ ಕೂತವಳು ಗಾಳಿಯಲ್ಲಿ ತೇಲಿಕೊಂಡು ಹೋಗುತ್ತಿದ್ದಳು ನೋಡು. ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಯಜಮಾನರು ಆಮೇಲೆ ಕರೆದು, “ಹೀಗೆ ಗಿರಾಕಿಗಳನ್ನ ಓಡಿಸಿದ್ರೆ ನಾವಿಬ್ರೂ ಅಂಗಡಿ ಮುಚ್ಚಿ ಸೈಕಲ್ ತುಳ್ಕೊಂಡು ಹೋಗಬೇಕಾಗುತ್ತೆ” ಅಂದರು. “ನಿಮಗೆ ಹೊಟ್ಟೆ ಕರಗುತ್ತೆ, ಒಳ್ಳೇದೇ” ಅಂದೆ. ನಕ್ಕರು ಅನ್ನು. ಈಗ ಆ ವ್ಯಾನಿನವನು ನನ್ನನ್ನು ಕಂಡರೆ ಅಷ್ಟು ದೂರದಲ್ಲೇ ನಿಧಾನ ಮಾಡುತ್ತಾನೆ, ಕೈ ಎತ್ತಿ ನಮಸ್ಕಾರ ಬೇರೆ. ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಹೋದ ವಾರ ನೋಡುತ್ತೇನೆ, ನನಗೆ ನಮಸ್ಕಾರ ಮಾಡಿ ದಾಟಿದವನು ನನ್ನ ಮುಂದಿದ್ದ ಇನ್ನೊಂದು ಸೈಕಲ್ಲಿನ ಪಕ್ಕದಲ್ಲೇ ಹಳೆಯ ಹಾಗೇ ರೊಯ್ಯನೆ ಹೋದ. ಆ ಹುಡುಗಿ ಹೆದರಿ ಕಾಲು ಕೆಳಗಿಟ್ಟಳು. ನನ್ನ ಖುಷಿಯೆಲ್ಲ ಇಳಿದುಹೋಯಿತು.

ಅಪಾಯ ಇಲ್ಲ ಎಂದು ನಾನು ಹೇಳುವುದಿಲ್ಲ ಕಣೇ. ನನಗೇನು ಕಣ್ಣಿಲ್ಲವಾ? ನಿಂತ ಕಾರಿನ ಬಾಗಿಲು ಯಾವಾಗ ಫಟ್ಟನೆ ತೆರೆದೀತು ಎಂದು ಒಂದು ತೋಳಿನಷ್ಟು ದೂರ ಬಿಟ್ಟೇ ಹೋಗುತ್ತೇನೆ, ಅದಕ್ಕೂ ಹಿಂದಿನಿಂದ ಬೈಗುಳ. ಸ್ಟಿಯರಿಂಗಿನ ಮೇಲೆ ಫೋನಿಟ್ಟುಕೊಂಡು ನಗುತ್ತಾ ಬರುವವರನ್ನು ಕಂಡರೆ ಜೀವ ಬಾಯಿಗೆ ಬರುತ್ತದೆ. ಬಸ್ಸಿನವರು ವಾಸಿ, ಅವರಿಗೆ ನಾವು ಕಾಣುತ್ತೇವೆ, ಕಂಡೂ ಕ್ಯಾರೇ ಅನ್ನುವುದಿಲ್ಲ ಅಷ್ಟೆ. ಮೊದಲೆಲ್ಲ ನಾನು ರಸ್ತೆಯ ಅಂಚಿಗೆ, ಚರಂಡಿಯ ಕಬ್ಬಿಣದ ಜಾಲರಿಗಳ ಮೇಲೆ, ಕಳ್ಳಿಯ ಹಾಗೆ ಹೋಗುತ್ತಿದ್ದೆ. ಹೆದರಿ ಅಂಚಿಗೆ ಸರಿದಷ್ಟೂ ಇನ್ನಷ್ಟು ಒತ್ತುತ್ತಾರೆ. ಈಗ ಜಾಗ ಹಿಡಿದು ಹೋಗುತ್ತೇನೆ. ಹಾರ್ನ್ ಹೊಡೆಯಲಿ. ಒಂದು ಜಾಕೆಟ್ಟನ್ನೂ ಕೊಂಡಿದ್ದೇನೆ, ಕಣ್ಣು ಕುಕ್ಕುವ ಹಳದಿ, ಅರ್ಧ ಕಿಲೋಮೀಟರಿನಿಂದಲೂ ಕಾಣುತ್ತದೆ ಎಂದು ಅದರ ಚೀಟಿಯಲ್ಲಿ ಬರೆದಿದೆ. ನಿಮ್ಮಪ್ಪ ನೋಡಿ, “ರಸ್ತೆ ರಿಪೇರಿಗೆ ಹೊರಟೆಯಾ?” ಅಂದರು. ನೀನು ಅದನ್ನಿನ್ನೂ ಸರಿಯಾಗಿ ನೋಡಿಲ್ಲ.

ನಿನಗೆ ಮರೆತುಹೋಗಿದೆಯೋ ಏನೋ, ನನಗೆ ಸೈಕಲ್ ಕಲಿಸಿದವಳು ನೀನು. ನಿನಗೆ ಹನ್ನೊಂದು, ನನಗೆ ಮೂವತ್ತಾರು. ಬಸ್ಸು ತಪ್ಪಿ ತಪ್ಪಿ ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡು ಬಂದು ಅಡುಗೆಮನೆಯಲ್ಲಿ ಅಳುತ್ತಿದ್ದೆ. ನೀನು ನಿನ್ನ ಸೈಕಲ್ಲನ್ನು ಆಟದ ಮೈದಾನಕ್ಕೆ ತಳ್ಳಿಕೊಂಡು ಹೋಗಿ, “ಹತ್ತು” ಅಂದೆ. ಅಕ್ಕಪಕ್ಕದವರೆಲ್ಲ ನಗುತ್ತಿದ್ದರು. ನೀನು ಸೀಟಿನ ಹಿಂದೆ ಕೈ ಹಿಡಿದುಕೊಂಡು ಓಡುತ್ತಾ, “ಬಿಡಲ್ಲ ಅಮ್ಮ, ಹಿಡ್ಕೊಂಡಿದೀನಿ, ಮುಂದೆ ನೋಡು, ಮುಂದೆ ನೋಡು” ಅನ್ನುತ್ತಿದ್ದೆ. ತಿರುಗಿ ನೋಡಿದರೆ ನೀನು ಅರ್ಧ ಮೈದಾನದ ಹಿಂದೆ ನಿಂತು ಕುಣಿಯುತ್ತಿದ್ದೀಯ. ಎಷ್ಟು ಹೊತ್ತಿಗೆ ಬಿಟ್ಟಿದ್ದೆಯೋ ಕಳ್ಳಿ! ಆಮೇಲೆ ಬಿದ್ದೆ, ಅದು ಬೇರೆ ವಿಷಯ. ಅವತ್ತಿನಿಂದ ಈ ಊರಿನಲ್ಲಿ ನಾನು ಯಾರಿಗೂ ಕಾಯಲಿಲ್ಲ. ಬಸ್ಸಿಗೆ ಕಾಯಲಿಲ್ಲ, ನಿಮ್ಮಪ್ಪನಿಗೆ ಕಾಯಲಿಲ್ಲ. ಈಗ ಐವತ್ತೆಂಟಕ್ಕೆ ಬಾಗಿಲಲ್ಲಿ ಚೀಲ ಹಿಡಿದು ಅಳಿಯನ ಕಾರಿಗೆ ಕಾಯುತ್ತಾ ನಿಲ್ಲು ಅನ್ನುತ್ತೀಯಲ್ಲ, ನಿನಗೆ ಮನಸ್ಸಾದರೂ ಹೇಗೆ ಬಂತು?

ಗುಬ್ಬಿಯ ವಿಷಯ ಬರೆಯಲು ಮಾತ್ರ ಕಷ್ಟವಾಗುತ್ತಿದೆ. ಮೂರು ಶನಿವಾರ ಆಯಿತು. ಅವಳ ಸ್ಟೂಲನ್ನು ನನ್ನ ಮೇಜಿನ ಕೆಳಗಿನಿಂದ ತೆಗೆದಿಲ್ಲ. ಕಣ್ಣು ಪರೀಕ್ಷೆಗೆ ಹಾಕುವ ಆ ಭಾರದ ಗುಂಡು ಚೌಕಟ್ಟನ್ನು ಮೂಗಿಗೇರಿಸಿಕೊಂಡು, ಕೆಲಸಕ್ಕೆ ಬಾರದ ಹಳೆಯ ಗಾಜುಗಳನ್ನು ಒಂದೊಂದಾಗಿ ಸಿಕ್ಕಿಸಿ, “ಅಜ್ಜಿ, ಈಗ ನೀನು ದಪ್ಪ. ಅಜ್ಜಿ, ಈಗ ನೀನು ಉದ್ದ” ಅನ್ನುತ್ತಿದ್ದಳಲ್ಲ, ಅದಿಲ್ಲದೆ ಶನಿವಾರದ ಅರ್ಧ ದಿನ ಎಳೆದರೂ ಮುಗಿಯುವುದಿಲ್ಲ. ಯಜಮಾನರೇ ಎರಡು ಸಲ ಕೇಳಿದರು. ಮೊಮ್ಮಗಳನ್ನು ತೋರಿಸಿ ಸೈಕಲ್ ಕಿತ್ತುಕೊಳ್ಳುವುದು ನ್ಯಾಯವಲ್ಲ ಮಗಳೇ. ನನಗೆ ಎಲ್ಲಿ ನೋವಾಗುತ್ತದೆ ಎಂದು ಗೊತ್ತಿದ್ದು ಅಲ್ಲೇ ಒತ್ತಿದ್ದೀಯ. ಆದರೂ ಹೇಳುತ್ತೇನೆ, ಕೊಡುವುದಿಲ್ಲ. ನಾಳೆ ಅವಳು ದೊಡ್ಡವಳಾದಾಗ, ಅಜ್ಜಿ ಯಾರೋ ಬೈದರೆಂದು ರಸ್ತೆ ಬಿಟ್ಟು ಮನೆ ಸೇರಿದಳು ಎಂಬ ಕತೆ ಅವಳ ಕಿವಿಗೆ ಬೀಳಬಾರದು. ಸರಿಯಾಗಿ ನಡೆದುಕೊಳ್ಳದವರು ಅವರು, ಮನೆಯಲ್ಲಿ ಕೂರಬೇಕಾದವಳು ನಾನಾ?

ಕಾಗದ ಉದ್ದವಾಯಿತು. ನಿಮ್ಮಪ್ಪ ಎರಡನೇ ಚಹಾ ಕೇಳುತ್ತಿದ್ದಾರೆ. ನಿನ್ನ ಕೆಮ್ಮಿಗೆ ಬಿಸಿನೀರು ಕುಡಿ, ಆ ಔಷಧಿಯ ಬಾಟಲಿಯನ್ನು ಅರ್ಧಕ್ಕೇ ಬಿಡಬೇಡ. ನನ್ನ ಹರಕೆ ಇಷ್ಟೇ: ನಿನ್ನ ಕಾರಿನ ಬ್ರೇಕು ಯಾವತ್ತೂ ಕೈ ಕೊಡದಿರಲಿ, ನಿನ್ನ ನಾಲಿಗೆ ನನ್ನದರ ಹಾಗೆಯೇ ಚುರುಕಾಗಿರಲಿ, ಗುಬ್ಬಿ ನಮ್ಮಿಬ್ಬರಿಗಿಂತ ಒಂದು ಕೈ ಮೇಲಾಗಲಿ. ಅಳಿಯಂದಿರಿಗೆ ನನ್ನ ಕೋಪವಿಲ್ಲ ಎಂದು ಹೇಳು.

ನಿನ್ನನ್ನು ಹೆತ್ತ, ನಿನ್ನಿಂದ ಸೈಕಲ್ ಕಲಿತ,
ಅಮ್ಮ

ತಾ.ಕ.: ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತೇನೆ ಎಂದಿದ್ದೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಚಹಾ ಕೊಟ್ಟು ಬಂದು ಮತ್ತೆ ಕೂತಿದ್ದೇನೆ.

ಅವಳ ಜಾಗದಲ್ಲಿ ನಾನಿದ್ದಿದ್ದರೆ ಎಂದು ಕೇಳಿದ್ದೀಯ. ಇದ್ದೆ ಕಣೇ. ಅದು ನಾನೇ.

ನಾನು ಎಲ್ಲಿಂದಲೋ ಬರಲಿಲ್ಲ. ಅಂಗಡಿಗೆ ಹೋಗುವ ದಾರಿ ಅದೇ ತಾನೆ, ಶಾಲೆಯ ತಿರುವಿನಿಂದ ಗೇಟಿನವರೆಗೂ ನಿನ್ನ ಮುಂದೆಯೇ ಇದ್ದೆ, ಹೊಸ ಜಾಕೆಟ್ ಹಾಕಿಕೊಂಡು, ಧೂಳಿಗೆ ಮೂಗಿನವರೆಗೆ ಬಟ್ಟೆ ಸುತ್ತಿಕೊಂಡು. ನೀನು ನನ್ನನ್ನು ದಾಟಿ, ಗೇಟಿನ ಮುಂದೆ ಖಾಲಿ ಇದ್ದ ಜಾಗಕ್ಕೆ ಕಾರನ್ನು ಸರಕ್ಕನೆ ತಿರುಗಿಸಿದೆ. ನಾನು ಕಲ್ಲಿನ ಅಂಚಿಗೆ ಬಡಿದು ಒಂದು ಕಾಲಿನ ಮೇಲೆ ನಿಂತೆ, ಕಾರಿನ ಹಿಂಭಾಗವನ್ನು ಕೈಯಿಂದ ಬಡಿದೆ. ನೀನು ಗಾಜು ನಾಲ್ಕು ಬೆರಳಿನಷ್ಟು ಇಳಿಸಿ ನನ್ನ ಕಣ್ಣನ್ನೇ ನೋಡಿ, “ಸಾಯೋಕೆ ನನ್ನ ಕಾರೇ ಬೇಕಿತ್ತಾ?” ಅಂದೆ. ಮೊಣಕಾಲು ಈಗ ವಾಸಿಯಾಗಿದೆ, ಅದಕ್ಕೆ ಅಳಬೇಡ.

ನೀನು ಹನ್ನೆರಡರವಳಿದ್ದಾಗಿನಿಂದ ನಿನ್ನ ಕನ್ನಡಕಗಳನ್ನೆಲ್ಲ ಮಾಡಿದ್ದು ನಾನು. ನಿನ್ನ ಬಲಗಣ್ಣಿನ ಗಾಜನ್ನು ಒಂದೇ ಒಂದು ಕೋನಕ್ಕೆ ತಿರುಗಿಸಿ ಕೂರಿಸಬೇಕು, ಸ್ವಲ್ಪ ಆಚೀಚೆಯಾದರೂ ಎಲ್ಲ ಮಸುಕಾಗುತ್ತದೆ. ಅಲ್ಲೇ ಎಡವಿದ್ದೇನೆ ಅಂದುಕೊಂಡೆ. ಅದಕ್ಕೇ ಆ ಭಾನುವಾರ ಕನ್ನಡಕ ತರಲು ಬಂದದ್ದು, ಜಾಕೆಟ್ ನಿನ್ನ ಕಣ್ಣಿಗೆ ಬೀಳದಿರಲಿ ಎಂದು ಬಸ್ಸಿನಲ್ಲಿ. ಸ್ಕ್ರೂ ಸಡಿಲವಾಗಿರಲಿಲ್ಲ. ಸೋಮವಾರ ಯಂತ್ರದ ಕೆಳಗಿಟ್ಟು ಎರಡೂ ಗಾಜುಗಳನ್ನು ಮೂರು ಮೂರು ಸಲ ಅಳೆದೆ, ಹಳೆಯ ಚೀಟಿ ಹುಡುಕಿ ತೆಗೆದು ತಾಳೆ ನೋಡಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ, ದೇವರೇ, ನನ್ನ ಕೆಲಸ ತಪ್ಪಾಗಿರಲಿ ಎಂದು ಬೇಡಿಕೊಂಡೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಿನಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ನೀನು ನನ್ನನ್ನು ಗುರುತಿಸಲಿಲ್ಲ ಎಂದು ನನಗೆ ದುಃಖವಿಲ್ಲ, ಮುಖ ಮುಚ್ಚಿತ್ತು. ಗುರುತಿಸಿದ್ದರೆ ಇಳಿದು ಓಡಿ ಬರುತ್ತಿದ್ದೆಯಲ್ಲ, ನನ್ನನ್ನು ತಬ್ಬಿಕೊಂಡು ಅಳುತ್ತಿದ್ದೆಯಲ್ಲ, ಅದಕ್ಕೆ ದುಃಖ. ಬ್ರೆಡ್ ವ್ಯಾನಿನವನಿಗೆ ಬೈದ ಹಾಗೆ ನಿನಗೆ ಬೈಯಲು ನನ್ನಿಂದ ಆಗಲಿಲ್ಲ. ಅದಕ್ಕೇ ಮೂರು ವಾರ.

ಇನ್ನೂ ತಡ ಮಾಡುತ್ತಿದ್ದೆನೋ ಏನೋ. ಆದರೆ ಹಿಂದಿನ ಸೀಟಿನಲ್ಲಿ ಗುಬ್ಬಿ ಇದ್ದಳು. ಅವಳೇ ಆರಿಸಿದ ನೀಲಿ ಬುಟ್ಟಿ, ಅವಳೇ ಹಾಕಿಸಿದ ಬೆಲ್ಲು, ಅವಳಿಗೆ ಗೊತ್ತಾಗದೆ ಇರುತ್ತದಾ? ಗಾಜಿಗೆ ಮುಖ ಒತ್ತಿ ಬಾಯಿ ತೆರೆದಳು. ನಾನು, ಬುದ್ಧಿಯಿಲ್ಲದವಳು, ತುಟಿಯ ಮೇಲೆ ಬೆರಳಿಟ್ಟೆ. ಭಾನುವಾರ ನಿನ್ನ ಮನೆಯಲ್ಲಿ ನನ್ನ ಕಿವಿಯಲ್ಲಿ, “ನಾನು ಹೇಳಿಲ್ಲ ಅಜ್ಜಿ” ಅಂದಳು. ಮೊನ್ನೆ ಬುಧವಾರ ಅವರಪ್ಪನ ಫೋನಿನಿಂದ ಮಾಡಿ, “ಅಜ್ಜಿ, ಇನ್ನೂ ಹೇಳಬಾರದಾ?” ಎಂದು ಕೇಳಿದಳು. ಆರು ವರ್ಷದ ಕೂಸಿನ ತಲೆಯ ಮೇಲೆ ನಾನು ಹೊರಿಸಿದ ಭಾರ ಅದು, ಇದೊಂದಕ್ಕೆ ಮಾತ್ರ ನಿನ್ನ ಕ್ಷಮೆ ಕೇಳುತ್ತೇನೆ.

ಶನಿವಾರ ಎಂಟು ಗಂಟೆಗೆ ಬರುತ್ತೇನೆ. ಸೈಕಲ್ಲಿನಲ್ಲೇ. ಕಳಿಸುವುದು ಬಿಡುವುದು ನಿನಗೆ ಸೇರಿದ್ದು. ಅದಕ್ಕೆ ಮುಂಚೆ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳು, ಅಜ್ಜಿ ಹೇಳಿಯಾಯಿತಂತೆ, ಇನ್ನು ನೀನೂ ಹೇಳಬಹುದಂತೆ ಎಂದು.